ಆಟದ ಬಯಲಿನಲ್ಲಿ ದೇವರ ಹೆಸರು

2025ನೆಯ ಅಕ್ಟೋಬರ್ 30ರ ರಾತ್ರಿ ನವಿ ಮುಂಬಯಿಯ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿ ನಡೆದುದನ್ನು ನಮ್ಮ ಗಡಿನಾಡಿನ ಊರುಗಳಲ್ಲಿಯೂ ಬಹು ಮಂದಿ ಕಣ್ಣಾರೆ ಕಂಡರು. ಮಹಿಳೆಯರ ವಿಶ್ವಕಪ್ ಕ್ರಿಕೆಟ್ಟಿನ ಉಪಾಂತ್ಯ ಪಂದ್ಯವದು. ಆಸ್ಟ್ರೇಲಿಯದವರು 338 ರನ್ನುಗಳ ರಾಶಿಯನ್ನೇ ಹಾಕಿದ್ದರು. ಅಷ್ಟು ದೊಡ್ಡ ಮೊತ್ತವನ್ನು ಬೆನ್ನಟ್ಟಿ ಗೆದ್ದವರು ಮಹಿಳೆಯರ ಒಂದು ದಿನದ ಪಂದ್ಯಗಳಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಜೆಮಿಮಾ ರೋಡ್ರಿಗಸ್ ಎಂಬ ತರುಣಿ 134 ಚೆಂಡುಗಳಲ್ಲಿ 127 ರನ್ ಗಳಿಸಿ ಕೊನೆಯವರೆಗೂ ಔಟಾಗದೆ ನಿಂತಳು. ಇನ್ನೂ ಒಂಬತ್ತು ಚೆಂಡುಗಳು ಉಳಿದಿರುವಾಗಲೇ ಭಾರತ ಗೆದ್ದಿತು.

ಪಂದ್ಯ ಮುಗಿದೊಡನೆ ಆಕೆಯನ್ನು ಮಾತನಾಡಿಸಿದಾಗ, ಕಣ್ಣೀರು ತುಂಬಿಕೊಂಡೇ ಆಕೆ ಮೊದಲು ಯೇಸುವಿಗೆ ವಂದನೆ ಹೇಳಿದಳು. ಇದು ತನ್ನೊಬ್ಬಳಿಂದ ಆಗುವ ಕೆಲಸವಾಗಿರಲಿಲ್ಲವೆಂದಳು. ಆಮೇಲೆ ತಾಯಿ, ತಂದೆ, ಗುರು, ತನ್ನಲ್ಲಿ ನಂಬಿಕೆಯಿಟ್ಟವರು. ಕೊನೆಕೊನೆಗೆ ಮೈಯಲ್ಲಿನ ಶಕ್ತಿ ಉಡುಗಿದಾಗ ಬೈಬಲಿನ ಒಂದು ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆನೆಂದೂ, ತಾನು ಸುಮ್ಮನೆ ನಿಂತಿದ್ದರೆ ಸಾಕು, ತನ್ನ ಪರವಾಗಿ ದೇವರು ಹೋರಾಡುತ್ತಾನೆಂದು ನಂಬಿದ್ದೆನೆಂದೂ ತಿಳಿಸಿದಳು. ಆ ದಿನಗಳಲ್ಲಿ ಹೆಚ್ಚುಕಡಿಮೆ ದಿನವೂ ಅತ್ತಿದ್ದೆನೆಂದು, ನಡುವೆ ಒಂದು ಪಂದ್ಯದಲ್ಲಿ ತನ್ನನ್ನು ತಂಡದಿಂದ ಕೈಬಿಟ್ಟಿದ್ದರೆಂದು, ಮನಸ್ಸಿನ ಕಳವಳವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು.

ಬೆಳಗಾಗುವಷ್ಟರಲ್ಲಿ ಚರ್ಚೆ ಹುಟ್ಟಿತು. ಎಷ್ಟು ಸಹಜವಾದ ಮಾತೆಂದು ಮೆಚ್ಚಿದವರು ಹಲವರು. ದೇಶಕ್ಕಾಗಿ ಆಡುವಾಗ ಮತದ ಹೆಸರೇತಕ್ಕೆಂದು ಹುಬ್ಬು ಗಂಟಿಕ್ಕಿದವರು ಕೆಲವರು. ಇನ್ನು ಕೆಲವರು ಹಳೆಯ ಸಂಗತಿಯೊಂದನ್ನು ಕೆದಕಿ ತೆಗೆದರು. ಮುಂಬಯಿಯ ಖಾರ್ ಜಿಮ್ಖಾನಾ ಎಂಬ ಕ್ಲಬ್ಬು ಆಕೆಗೆ ಕೊಟ್ಟಿದ್ದ ಗೌರವ ಸದಸ್ಯತ್ವವನ್ನು 2024ರ ಅಕ್ಟೋಬರಿನಲ್ಲಿ ರದ್ದುಪಡಿಸಿತ್ತು. ಆಕೆಯ ತಂದೆ ಅಲ್ಲಿ ಮತಪ್ರಚಾರದ ಸಭೆಗಳನ್ನು ನಡೆಸಿದರೆಂದು ಕೆಲವು ಸದಸ್ಯರು ಆಕ್ಷೇಪಿಸಿದ್ದರು. ತಾವು ನಡೆಸಿದ್ದು ಪ್ರಾರ್ಥನಾ ಕೂಟ, ಅದೂ ಕ್ಲಬ್ಬಿನ ನಿಯಮಗಳಿಗೆ ಒಳಪಟ್ಟು, ಮತಾಂತರದ ಮಾತು ಸುಳ್ಳು ಎಂದು ತಂದೆ ಉತ್ತರವಿತ್ತಿದ್ದರು. ಆ ಜಗಳವನ್ನು ಮಗಳ 127 ರನ್ನುಗಳ ಪಕ್ಕದಲ್ಲಿಟ್ಟು ತೂಗಿದವರ ತಕ್ಕಡಿ ಯಾವುದೋ ನಾನರಿಯೆ.

ಮಾರನೆಯ ದಿನ ನನ್ನ ತರಗತಿಯಲ್ಲಿಯೂ ಇದೇ ಪ್ರಸ್ತಾಪ. ಚುರುಕಾದ ಹುಡುಗನೊಬ್ಬ ಎದ್ದು ನಿಂತು, "ಸರ್, ಆಕಿ ಆಡಿದ್ದು ಚಲೋ ಆತು ಖರೆ. ಆದ್ರ ಯೇಸುನ ಹೆಸರು ಯಾಕ ತಗಂಡ್ಲು? ಆಟದಾಗ ದೇವರ ಮಾತು ಯಾಕ ಬೇಕು?" ಎಂದು ಕೇಳಿದ. "ಅದು ಅವರವರ ಇಚ್ಛೆ, ಕೂಡು" ಎಂದು ಹೇಳಿ ನಾನು ಪಾಠಕ್ಕೆ ತೊಡಗಿದೆ. ಉತ್ತರ ಕೊಡದೆ ಜಾರಿಕೊಂಡೆನೆಂಬುದು ಆಗಲೇ ನನಗೆ ಗೊತ್ತಿತ್ತು. ಏಕೆಂದರೆ, ಹಿಂದಿನ ರಾತ್ರಿ ಆಕೆಯ ಬಾಯಿಂದ ಆ ಹೆಸರು ಬಂದಾಗ ನನ್ನ ಮನಸ್ಸಿನಲ್ಲಿಯೂ ಒಂದು ಸಣ್ಣ ಮುಳ್ಳು ಆಡಿತ್ತು. 'ದೇವರ ದಯೆ' ಎಂದಷ್ಟೇ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ನನಗೂ ಅನಿಸಿತ್ತು. ಹುಡುಗ ಕೇಳಿದ್ದು ನನ್ನದೇ ಪ್ರಶ್ನೆ.

ಆ ಮುಳ್ಳು ಎಲ್ಲಿಯದು? ಜಾತ್ರೆಯ ಕುಸ್ತಿಗಳನ್ನು ನಾನು ಬಾಲ್ಯದಿಂದ ನೋಡಿದವನು. ಕಣಕ್ಕಿಳಿಯುವ ಪೈಲವಾನನು ಮೊದಲು ಬಗ್ಗಿ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾನೆ. ಹನುಮಂತನ ಹೆಸರು ಹೇಳಿ ತೊಡೆ ತಟ್ಟುತ್ತಾನೆ. ಗರಡಿಮನೆಯಲ್ಲಿ ಹನುಮಪ್ಪನ ಪಟವಿಲ್ಲದಿದ್ದರೆ ಅದನ್ನು ಗರಡಿಮನೆಯೆಂದು ಯಾರೂ ಕರೆಯುವುದಿಲ್ಲ. ಪರೀಕ್ಷೆಗೆ ಹೊರಟ ನಮ್ಮ ಮಕ್ಕಳು ಮಕ್ತಲಿನ ಪಡಮಟಿ ಆಂಜನೇಯನಿಗೆ ಕಾಯಿ ಒಡೆಸಿಯೇ ಹೋಗುತ್ತಾರೆ. ಇದರಲ್ಲಿ 'ಮತದ ಪ್ರದರ್ಶನ'ವನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಅದು ನಮ್ಮ ರೂಢಿ, ನಮ್ಮ ಊಟದ ಉಪ್ಪಿನಂತೆ. ಇದೆಯೆಂಬುದು ನಾಲಗೆಗೆ ಬೇರೆಯಾಗಿ ತೋರುವುದಿಲ್ಲ. ಅದೇ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ 58 ರನ್ ಗಳಿಸಿ ಐದು ವಿಕೆಟ್ ಕಿತ್ತ ದೀಪ್ತಿ ಶರ್ಮಾಳ ತೋಳಿನ ಮೇಲೆ ಹನುಮಂತನ ಹಚ್ಚೆಯಿದೆ. ಗೆದ್ದ ತಂಡವನ್ನು ಪ್ರಧಾನಮಂತ್ರಿಗಳು ಕರೆಸಿಕೊಂಡಾಗ ಆ ಹಚ್ಚೆಯ ಮಾತು ಬಂತು. ಆ ನಂಬಿಕೆ ತನಗೆ ಬಲ ಕೊಡುತ್ತದೆಂದು ಆಕೆ ಹೇಳಿದಳು. ಕೇಳಿ ನನಗೆ ಸಂತೋಷವಾಯಿತು. ಮುಳ್ಳು ಆಡಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಹೇಳಿದ್ದೂ ಒಂದೇ: ಈ ಬಲ ನನ್ನೊಬ್ಬಳದಲ್ಲ. ಬೇರೆಯಾದದ್ದು ಹೆಸರು ಮಾತ್ರ. ಬಹುಜನರ ಭಕ್ತಿ ಸಂಪ್ರದಾಯವೆನಿಸಿಕೊಳ್ಳುತ್ತದೆ, ಅಲ್ಪಜನರದು ಪ್ರಚಾರವೆನಿಸಿಕೊಳ್ಳುತ್ತದೆ. ಕೇಳುವ ಕಿವಿಯ ದೋಷವನ್ನು ನಾವು ಹೇಳುವ ಬಾಯಿಯ ಮೇಲೆ ಹೊರಿಸುತ್ತೇವೆ.

ಈ ನ್ಯಾಯವನ್ನು ಅರಿಯಲು ಗಡಿನಾಡಿನ ಕನ್ನಡಿಗರಾದ ನಮಗೆ ಹೊರಗಿನ ಉದಾಹರಣೆ ಬೇಕಿಲ್ಲ. 1956ರಲ್ಲಿ ರಾಜ್ಯಗಳನ್ನು ಪುನರ್ವಿಂಗಡಿಸಿದಾಗ ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಹೋದವು. ಮಕ್ತಲ್, ನಾರಾಯಣಪೇಟೆಗಳು ಮಹಬೂಬನಗರ ಜಿಲ್ಲೆಯೊಡನೆ ಇತ್ತಲೇ ಉಳಿದವು. ಕೃಷ್ಣೆಯ ಆಚೆ ದಡದಲ್ಲಿ ಸಂತೆಯ ಮಾತಾಗಿರುವ ಕನ್ನಡ, ಈಚೆ ದಡದ ಕಚೇರಿಯಲ್ಲಿ ಆಡಿದರೆ ನಾಲ್ಕು ಜನ ತಿರುಗಿ ನೋಡುವ ಮಾತಾಗುತ್ತದೆ. ನಾವು ಯಾರನ್ನೂ ಕೆಣಕಲು ಆಡಿದ್ದಲ್ಲ. ತಾಯಿ ಕಲಿಸಿದ್ದನ್ನು ಆಡಿದೆವು, ಅಷ್ಟೆ. ಆದರೂ 'ಇಲ್ಲೇಕೆ ನಿಮ್ಮ ಕನ್ನಡ?' ಎಂದು ಕೇಳಿಸಿಕೊಂಡವರು ನಮ್ಮಲ್ಲಿ ಇಲ್ಲವೇ? ಕಷ್ಟ ಬಂದಾಗ, ಸಂತೋಷ ಉಕ್ಕಿದಾಗ ಬಾಯಿಗೆ ಮೊದಲು ಬರುವುದು ಮನೆಯ ಮಾತು. ಆ ರಾತ್ರಿ ಜೆಮಿಮಾಳ ಬಾಯಿಗೆ ಬಂದದ್ದೂ ಆಕೆಯ ಮನೆಯ ಮಾತೇ. ಹೆಸರನ್ನು ಬಿಟ್ಟು ಬರಿಯ 'ದೇವರು' ಎನ್ನಬೇಕಿತ್ತೆಂಬ ನನ್ನ ಅಪೇಕ್ಷೆ, ನಿಮ್ಮ ಭಾವನೆಯಿರಲಿ, ಭಾಷೆ ಮಾತ್ರ ನಮ್ಮದಿರಲಿ ಎಂದಂತೆ.

ಆಟದ ಬಯಲಿಗೆ ಮತ ಈಗ ಹೊಸದಾಗಿ ಬಂತೆಂದು ಹೇಳುವವರಿಗೆ ಒಂದು ಹಳೆಯ ಕಥೆ. ಮುಂಬಯಿಯಲ್ಲಿ ಬಹುಕಾಲ ಹಿಂದೂ, ಪಾರ್ಸಿ, ಮುಸ್ಲಿಂ, ಯುರೋಪಿಯನ್ ಎಂದು ಮತ ಜಾತಿಗಳ ಹೆಸರಿನಲ್ಲಿಯೇ ತಂಡಗಳನ್ನು ಕಟ್ಟಿ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತಿದ್ದರು. 1937ರಲ್ಲಿ ಐದನೆಯದೊಂದು ತಂಡ ಸೇರಿತು. ಅದರ ಹೆಸರು 'ಉಳಿದವರು'. ಕ್ರೈಸ್ತರೂ ಯೆಹೂದಿಗಳೂ ಅದರಲ್ಲಿ ಆಡುತ್ತಿದ್ದರು. ಸಾಂಗ್ಲಿಯಲ್ಲಿ ಹುಟ್ಟಿದ ವಿಜಯ ಹಜಾರೆ ಕ್ರೈಸ್ತರಾದುದರಿಂದ ಈ 'ಉಳಿದವರ' ಪಾಲಿಗೆ ಬಂದರು. 1943–44ರ ಅಂತಿಮ ಪಂದ್ಯದಲ್ಲಿ ಹಿಂದೂ ತಂಡದ ವಿರುದ್ಧ 'ಉಳಿದವರು' ಗಳಿಸಿದ 387 ರನ್ನುಗಳಲ್ಲಿ 309 ಅವರೊಬ್ಬರದೇ. ಮಹಾತ್ಮರು 1940ರಲ್ಲಿಯೇ ಇಂಥ ಮತವಾರು ಆಟವನ್ನು ವಿರೋಧಿಸಿದ್ದರು. 1946ರಲ್ಲಿ ಅದು ನಿಂತಿತು. ಮುಂದೆ 1952ರಲ್ಲಿ ಮದರಾಸಿನಲ್ಲಿ ಭಾರತ ತನ್ನ ಮೊತ್ತಮೊದಲ ಟೆಸ್ಟ್ ವಿಜಯವನ್ನು ಪಡೆದಾಗ ತಂಡದ ನಾಯಕರಾಗಿದ್ದವರು ಇದೇ ಹಜಾರೆ. ಅಂದು ಆಟಗಾರನು ತನ್ನ ದೇವರ ಹೆಸರನ್ನು ಹೇಳಬೇಕಾಗಿಯೇ ಇರಲಿಲ್ಲ. ಪಂದ್ಯಾವಳಿಯೇ ಅವನ ಹಣೆಯ ಮೇಲೆ ಅದನ್ನು ಬರೆದಿರುತ್ತಿತ್ತು. ಮತದಿಂದ ಆಟಗಾರರನ್ನು ಬೇರ್ಪಡಿಸುವುದು ಬೇರೆ. ಎಲ್ಲರ ತಂಡದಲ್ಲಿ ಎಲ್ಲರಿಗಾಗಿ ಆಡಿದವಳು ತನ್ನ ದೇವರನ್ನು ನೆನೆಯುವುದು ಬೇರೆ.

ಎದುರು ವಾದಗಳಿಲ್ಲವೆಂದಲ್ಲ. ಒಲಿಂಪಿಕ್ ಸನ್ನದಿನ 50ನೆಯ ನಿಯಮ ಆಟದ ಸ್ಥಳಗಳಲ್ಲಿ ಮತಪ್ರಚಾರವನ್ನು ನಿಷೇಧಿಸುತ್ತದೆ. ಕಾಲ್ಚೆಂಡಿನ ನಿಯಮಗಳೂ ಉಡುಪಿನ ಮೇಲೆ ಮತದ ಬರಹವನ್ನು ಒಪ್ಪುವುದಿಲ್ಲ. 2024ರಲ್ಲಿ ಇಂಗ್ಲೆಂಡಿನ ಮಾರ್ಕ್ ಗೇಹಿ ಎಂಬ ಆಟಗಾರನು ತನ್ನ ತೋಳುಪಟ್ಟಿಯ ಮೇಲೆ ಯೇಸುವಿನ ಹೆಸರು ಬರೆದುಕೊಂಡಾಗ ಅಲ್ಲಿಯ ಸಂಘವು ನಿಯಮವನ್ನು ನೆನಪಿಸಿತು. ನಿಯಮವಿದ್ದಲ್ಲಿ ನಡೆಯತಕ್ಕದ್ದೇ. ಅಮೆರಿಕದಲ್ಲಿ ಕ್ರೈಸ್ತರೇ ಬಹುಜನ. ಅಲ್ಲಿಯೂ ಟಿಮ್ ಟೀಬೋ ಎಂಬ ಫುಟ್ಬಾಲ್ ಆಟಗಾರನು ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದುದನ್ನು 2011ರಲ್ಲಿ ಎಷ್ಟು ಜನ ಭಕ್ತಿಯಿಂದ ಅನುಕರಿಸಿದರೋ ಅಷ್ಟೇ ಜನ ಗೇಲಿಗಾಗಿ ಅನುಕರಿಸಿದರು. ಆದ್ದರಿಂದ ಮುಳ್ಳೆಲ್ಲವೂ ಬಹುಜನ ಅಲ್ಪಜನರ ಲೆಕ್ಕದಿಂದಲೇ ಹುಟ್ಟುವುದೆಂದು ನಾನು ಹಟ ಹಿಡಿಯುವುದಿಲ್ಲ. ಭಕ್ತಿ ಕಣ್ಣಿಗೆ ಬೀಳುವುದನ್ನೇ ಸಹಿಸದ ಸ್ವಭಾವವೊಂದಿದೆ.

ಇದಕ್ಕಿಂತ ಕಠಿನವಾದ ಪ್ರಶ್ನೆಯನ್ನು ನನ್ನ ಸಹೋದ್ಯೋಗಿಯೊಬ್ಬರು ಹಾಕಿದರು. "ದೇವರು ಆಕೆಯ ಪರವಾಗಿ ಹೋರಾಡಿದನೆಂದರೆ ಆಸ್ಟ್ರೇಲಿಯದ ಹೆಣ್ಣುಮಕ್ಕಳ ವಿರುದ್ಧ ಹೋರಾಡಿದನೆಂದೇ ಆಯಿತಲ್ಲ? ಅವರೇನು ಅವನ ಮಕ್ಕಳಲ್ಲವೇ?" ಆಕೆ 82ರಲ್ಲಿದ್ದಾಗ ಕೊಟ್ಟ ಸುಲಭವಾದ ಕ್ಯಾಚನ್ನು ಅಲಿಸಾ ಹೀಲಿ ಕೈಚೆಲ್ಲಿದ್ದಳು. ಹೀಲಿಯ ಕೈಯನ್ನು ಸಡಿಲಿಸಿದವನೂ ಪರಮಾತ್ಮನೇ ಎಂದರೆ ಅಂಥ ದೇವರಿಗೆ ನಾನು ಕೈಮುಗಿಯಲಾರೆ. ಆದರೆ ಈ ತೊಡಕು ಕ್ರೈಸ್ತರದು ಮಾತ್ರವಲ್ಲ. ಕುಸ್ತಿಯ ಕಣದಲ್ಲಿ ಇಬ್ಬರು ಪೈಲವಾನರೂ ಒಬ್ಬನೇ ಹನುಮಂತನಿಗೆ ನಮಸ್ಕರಿಸುತ್ತಾರೆ, ಇಬ್ಬರಲ್ಲೊಬ್ಬನು ಬೆನ್ನ ಮೇಲೆ ಬೀಳಲೇಬೇಕು. ಬಿದ್ದವನು ಎದ್ದು ಮೈಯ ಮಣ್ಣು ಒರೆಸಿಕೊಂಡು ಮತ್ತೆ ಕೈಮುಗಿದೇ ಹೊರಗೆ ಹೋಗುತ್ತಾನೆ. ಅವನನ್ನು ನೋಡಿದಾಗ ನನಗನಿಸುವುದು: ಅವನು ಬೇಡಿದ್ದು ಎದುರಾಳಿಯ ಸೋಲನ್ನಲ್ಲ, ತನ್ನ ಕಾಲು ನಡುಗದಿರಲಿ ಎಂಬುದನ್ನು. ದಿನವೂ ಅತ್ತು, ತಂಡದಿಂದ ಹೊರಬಿದ್ದು, ಮತ್ತೆ ಬಂದು ನಿಂತ ಹುಡುಗಿಯ ಎದುರಾಳಿ ಹನ್ನೊಂದು ಜನ ಆಸ್ಟ್ರೇಲಿಯದವರು ಮಾತ್ರವೇ? ಆಕೆಯೊಳಗಿದ್ದ ಭಯದೊಡನೆಯೂ ಒಂದು ಹೋರಾಟವಿತ್ತು. ಆ ಮಾತನ್ನು ನಾನು ಅಲ್ಲಿಗೆ ಹೊಂದಿಸಿ ಓದುತ್ತೇನೆ. ಸಹೋದ್ಯೋಗಿಗಳು ಇದನ್ನು ಒಪ್ಪಲಿಲ್ಲ. ಸೋತ ಮೇಲೂ ಅದೇ ವಂದನೆ ಹೇಳಿದರೆ ಆಗ ನಂಬುತ್ತೇನೆಂದರು. ಅದೂ ತಳ್ಳಿಹಾಕತಕ್ಕ ಮಾತಲ್ಲ.

ಸೋಲಿಗೂ ಗೆಲುವಿಗೂ ಮೊದಲೇ ಬೆಲೆ ತೆತ್ತವನೊಬ್ಬನಿದ್ದ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ 100 ಮೀಟರ್ ಓಟವನ್ನೇ ಬಿಟ್ಟುಕೊಟ್ಟನು. ಅದರ ಮೊದಲ ಸುತ್ತು ಭಾನುವಾರ ಬಿದ್ದಿತ್ತು, ಅದು ಅವನಿಗೆ ದೇವರ ದಿನ. ದೇಶಕ್ಕೆ ಬರುವ ಪದಕವನ್ನು ಕಳೆದನೆಂದು ಮೆಚ್ಚದವರಿದ್ದರು. 400 ಮೀಟರಿನಲ್ಲಿ ಓಡಿ, 47.6 ಸೆಕೆಂಡುಗಳಲ್ಲಿ ಗೆದ್ದಾಗ ಅದೇ ಜನ ಹೆಗಲ ಮೇಲೆ ಹೊತ್ತರು. ಆಮೇಲೆ ಚೀನಕ್ಕೆ ಮಿಷನರಿಯಾಗಿ ಹೋಗಿ, 1945ರಲ್ಲಿ ಜಪಾನೀಯರ ಸೆರೆಶಿಬಿರದಲ್ಲಿ ತೀರಿಕೊಂಡನು. ಇವನ ಎದುರಿಗೆ 2019ರ ಇನ್ನೊಂದು ಪ್ರಸಂಗವನ್ನಿಡಬೇಕು. ಆಸ್ಟ್ರೇಲಿಯದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್, ಸಲಿಂಗಕಾಮಿಗಳೇ ಮೊದಲಾದವರಿಗೆ ನರಕ ಕಾದಿದೆಯೆಂದು ಸಾರಿ ತನ್ನ ಒಪ್ಪಂದವನ್ನು ಕಳೆದುಕೊಂಡನು. ಇಬ್ಬರೂ ಒಂದೇ ಗ್ರಂಥವನ್ನು ಓದಿದವರು. ಒಬ್ಬನು ನಿಷ್ಠೆಯ ಭಾರವನ್ನು ತನ್ನ ಮೇಲೆ ಹೇರಿಕೊಂಡನು, ಮತ್ತೊಬ್ಬನು ನೆರೆಯವರ ಮೇಲೆ ಹೇರಿದನು. ಸಾರ್ವಜನಿಕರು ಸಿಟ್ಟಾಗಲು ಕಾರಣವಿದ್ದರೆ ಅದು ಈ ಎರಡನೆಯ ಕಡೆ. ಜೆಮಿಮಾಳ ಮಾತಿನಲ್ಲಿ ಯಾರಿಗೂ ನರಕವಿರಲಿಲ್ಲ, ಯಾರ ದೇವರೂ ಚಿಕ್ಕವನಾಗಲಿಲ್ಲ.

ಇಂಥ ಪರೀಕ್ಷೆಗೆ ಗುರಿಯಾದವಳು ಆಕೆಯೊಬ್ಬಳೇ ಅಲ್ಲ. ಮಹಮ್ಮದ್ ಶಮಿ 2023ರಲ್ಲಿ ಶ್ರೀಲಂಕೆಯ ವಿರುದ್ಧ ಐದನೆಯ ವಿಕೆಟ್ ಕಿತ್ತು ನೆಲಕ್ಕೆ ಬಾಗಿದಾಗ, ನಮಾಜಿನಂತೆ ಹಣೆಯಿಡಲು ಹೋಗಿ ಹೆದರಿ ನಿಲ್ಲಿಸಿದನೆಂದು ಜನ ಕಥೆ ಕಟ್ಟಿದರು. 2025ರ ಮಾರ್ಚಿನಲ್ಲಿ ರಂಜಾನ್ ಉಪವಾಸದ ವೇಳೆ ಪಂದ್ಯದ ನಡುವೆ ಕುಡಿಯುವುದನ್ನು ಕಂಡು ಮೌಲ್ವಿಯೊಬ್ಬರು ಪಾಪವೆಂದರು. ಭಕ್ತಿ ತೋರಿದರೂ ತಪ್ಪು, ತೋರದಿದ್ದರೂ ತಪ್ಪು.

ಮತಾಂತರದ ಅಂಜಿಕೆ ನಮ್ಮ ಸೀಮೆಗೂ ಅಪರಿಚಿತವಲ್ಲ. ಮೆನ್ನೊನೈಟ್ ಬ್ರದರನ್ ಮಿಷನ್ನಿನವರು ಮಹಬೂಬನಗರ, ಗದ್ವಾಲಗಳ ಕಡೆ ನೆಲೆಸಿ ಶಾಲೆಗಳನ್ನು ನಡೆಸಿದರು, ಜಡ್ಚರ್ಲದಲ್ಲಿ ಆಸ್ಪತ್ರೆ ಕಟ್ಟಿದರು. ಕೆಲವು ಕುಟುಂಬಗಳು ಅವರ ಮತವನ್ನು ಹಿಡಿದವು. ಇದರ ನ್ಯಾಯಾನ್ಯಾಯಗಳ ಚರ್ಚೆ ನಡೆಯಲಿ. ಆದರೆ ಆ ಕುಟುಂಬಗಳ ಮೂರನೆಯ, ನಾಲ್ಕನೆಯ ತಲೆಮಾರಿನ ಮಕ್ಕಳು ಇಂದು ನಮ್ಮ ಹಲಗೆಗಳ ಮೇಲೆ ಕುಳಿತು ಕನ್ನಡ ಕಲಿಯುತ್ತಿದ್ದಾರೆ. ಅವರು ಯಾರನ್ನೂ ಮತಾಂತರಿಸಲು ಬಂದವರಲ್ಲ. ಆ ದಿನ ಹುಡುಗನು ಪ್ರಶ್ನೆ ಕೇಳಿದಾಗ ಮೂರನೆಯ ಸಾಲಿನಲ್ಲಿ ಅಂಥವನೊಬ್ಬನು ತಲೆ ತಗ್ಗಿಸಿ ಪುಸ್ತಕದ ಅಂಚನ್ನು ಮಡಿಸುತ್ತ ಕುಳಿತಿದ್ದನು. ಹಿಂದಿನ ದಿನದವರೆಗೆ ಕ್ರಿಕೆಟ್ಟಿನ ಮಾತೆಂದರೆ ಎಲ್ಲರಿಗಿಂತ ಮೊದಲು ಬಾಯಿ ಹಾಕುತ್ತಿದ್ದವನು. ನಾನು "ಅವರವರ ಇಚ್ಛೆ" ಎಂದು ಜಾರಿಕೊಂಡಾಗ ಅವನೊಮ್ಮೆ ತಲೆಯೆತ್ತಿ ನನ್ನನ್ನು ನೋಡಿದುದು, ಇದನ್ನು ಬರೆಯಲು ಕುಳಿತಾಗಲೂ ಕಣ್ಣ ಮುಂದಿದೆ.

ಮುಂದಿನ ವಾರ ಪಾಠದ ಮೊದಲಲ್ಲೇ ಆ ಪ್ರಶ್ನೆಯನ್ನು ನಾನಾಗಿಯೇ ಎತ್ತಿಕೊಂಡೆ. ಪೈಲವಾನನ ಮಾತು ಹೇಳಿದೆ, ಹಜಾರೆಯವರ ಕಥೆ ಹೇಳಿದೆ. ನನ್ನ ಮುಳ್ಳಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಹುಡುಗರು ಸ್ವಲ್ಪ ಹೊತ್ತು ವಾದಿಸಿ, ಆಮೇಲೆ ಹೀಲಿಯ ಕ್ಯಾಚಿನ ಕಡೆಗೆ ಹೊರಳಿಕೊಂಡರು. ಸಂಜೆ ಶಾಲೆಯ ಹಿಂದಿನ ಬಯಲಿನಲ್ಲಿ ಕಬಡ್ಡಿ. ಒಬ್ಬೊಬ್ಬರೂ ಒಳಗೆ ಹೋಗುವಾಗ ಗೆರೆ ಮುಟ್ಟಿ ಹಣೆಗೊತ್ತಿಕೊಂಡರು. ಮೂರನೆಯ ಸಾಲಿನವನು ಗೆರೆಯ ಬಳಿ ಒಂದು ಗಳಿಗೆ ನಿಂತು ಕಣ್ಣು ಮುಚ್ಚಿ ತೆರೆದು, ಉಸಿರು ಹಿಡಿದು ಎದುರು ಪಾಳೆಯಕ್ಕೆ ನುಗ್ಗಿದನು.