ಮೆತ್ತೆ ಯಾರಿಗಾಗಿ?

ಭಾರ ಹೊರುವವನಿಗೆ ಭಾರ ಹೊರಿಸುವವನು ಕೊಡುವ ಸುಖ ಯಾವ ಬಗೆಯದು? ಕೊಟ್ಟವನ ಮನಸ್ಸು ತಣ್ಣಗಾದರೆ ಹೊತ್ತವನ ಬೆನ್ನೂ ತಣ್ಣಗಾಯಿತೆಂದು ತಿಳಿಯಬಹುದೆ? ಪ್ರಶ್ನೆ ದೊಡ್ಡದು. ನನ್ನ ಬಳಿಗೆ ಮಾತ್ರ ಅದು ಕುದುರೆಯ ಜೀನಿನ ಕೆಳಗೆ ಹಾಸುವ ಒಂದು ಮೆತ್ತೆಯ ರೂಪದಲ್ಲಿ ಬಂತು. ಕಾಸರಗೋಡಿನ ಬ್ಯಾಂಕ್ ಗುಮಾಸ್ತನಿಗೆ ಕುದುರೆಯ ಗೊಡವೆ ಏಕೆಂದು ಓದುಗರು ಕೇಳುವುದು ನ್ಯಾಯವೇ. ನಮ್ಮಲ್ಲಿ ಹೆಚ್ಚಿನವರು ಹತ್ತಿರದಿಂದ ನೋಡಿರುವುದು ಭೂತಸ್ಥಾನದ ಮರದ ಕುದುರೆಯನ್ನು ಮಾತ್ರ.

ಅಕ್ಕನ ಮಗ ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಅವನಿಗೆ ದೂರದ ಕುದುರೆ ಸವಾರಿಯ ಹುಚ್ಚು ಹಿಡಿದಿದೆ. ಮೈದಾನದಲ್ಲಿ ಎರಡು ನಿಮಿಷ ಓಡಿಸಿ ಬಾಜಿ ಕಟ್ಟುವ ಆಟವಲ್ಲ ಇದು. ಗುಡ್ಡ, ಕಣಿವೆ, ಕಲ್ಲುದಾರಿಗಳಲ್ಲಿ ಒಂದೇ ದಿನ ಎಂಬತ್ತು, ನೂರಅರವತ್ತು ಕಿಲೋಮೀಟರ್ ಸಾಗಬೇಕು. ಇವುಗಳಲ್ಲಿ ಹೆಸರಾದ ಟೆವಿಸ್ ಕಪ್ ಸವಾರಿ 1955ರಲ್ಲಿ ಆರಂಭವಾಯಿತು. ಸಿಯೆರಾ ನೆವಾಡ ಪರ್ವತಗಳನ್ನು ದಾಟಿ ಆಬರ್ನ್ ಪಟ್ಟಣಕ್ಕೆ ನೂರು ಮೈಲು. ಅವಧಿ 24 ಗಂಟೆ. ಹೊರಟವರಲ್ಲಿ ಗುರಿ ಮುಟ್ಟುವವರು ಸಾಮಾನ್ಯವಾಗಿ ಅರ್ಧದಷ್ಟು. ದಾರಿಯುದ್ದಕ್ಕೂ ಪಶುವೈದ್ಯರು ಕುದುರೆಯ ನಾಡಿ ನೋಡುತ್ತಾರೆ, ನಡೆ ನೋಡುತ್ತಾರೆ, ಬೆನ್ನುಮೂಳೆಯ ಎರಡೂ ಬದಿಗೆ ಬೆರಳೊತ್ತಿ ನೋಡುತ್ತಾರೆ. ಒತ್ತಿದಾಗ ಕುದುರೆ ಬೆನ್ನು ತಗ್ಗಿಸಿದರೆ ಅಲ್ಲಿ ನೋವಿದೆ ಎಂದರ್ಥ. ಎ, ಬಿ, ಸಿ, ಡಿ ಎಂದು ಚೀಟಿಯಲ್ಲಿ ದರ್ಜೆ ಬರೆಯುತ್ತಾರೆ. ಮಾತು ಬಾರದ ಪ್ರಾಣಿಯ ದೂರನ್ನು ದಾಖಲು ಮಾಡುವ ಈ ಕ್ರಮ ಕಾಗದಪತ್ರಗಳ ನಡುವೆ ಬದುಕುವ ನನಗೆ ಬಹಳ ಹಿಡಿಸಿತು.

"ಮಾವ, ಮೆತ್ತೆಗಳಲ್ಲಿ ಇಪ್ಪತ್ತು ತರ ಉಂಟು, ಯಾವುದು ತೆಗೆದುಕೊಳ್ಳುವುದೆಂದೇ ಗೊತ್ತಾಗುವುದಿಲ್ಲ" ಎಂದು ಅವನು ಒಂದು ದಿನ ಫೋನಿನಲ್ಲಿ ಹೇಳಿದ. ಮೆತ್ತೆ ಎಂಬ ಮಾತು ನಮಗೂ ಮಲೆಯಾಳಕ್ಕೂ ಹತ್ತಿರದ್ದೇ. ಅವರು ಮೆತ್ತ ಎನ್ನುತ್ತಾರೆ. ವಿಚಾರಿಸುತ್ತ ಹೋದಂತೆ ನನಗೂ ಅದರ ರುಚಿ ಹತ್ತಿತು. ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಕಂಬಳಿಯಂಥ ಮೆತ್ತೆ ಬೆವರು ಹೀರುತ್ತದೆ, ಭಾರವನ್ನು ಹಂಚುತ್ತದೆ. ಕುರಿಯ ತುಪ್ಪಳದ್ದು ಮೃದು, ಗಾಳಿಯಾಡುತ್ತದೆ, ಆದರೆ ಗಂಟೆಗಳು ಕಳೆದಂತೆ ಅಡಗಿ ತೆಳುವಾಗುತ್ತದೆ. ಹತ್ತಿಯದು ಅಗ್ಗ, ಒಗೆಯಲು ಸುಲಭ. ನೆನೆದು ಮಡಿಕೆಯಾದರೆ ಆ ಮಡಿಕೆಯೇ ಚರ್ಮವನ್ನು ಉಜ್ಜುತ್ತದೆ. ರಬ್ಬರಿನ ಜಾತಿಯದು ಜಾರುವುದಿಲ್ಲ, ಆದರೆ ಸೆಕೆಯನ್ನು ಒಳಗೇ ಕಟ್ಟಿಹಾಕುತ್ತದೆ. ಯಾವುದನ್ನೇ ಹಾಕಲಿ, ಹೆಗಲ ದಿಣ್ಣೆಯ ಮೇಲೆ ಅದನ್ನು ಬಿಗಿಯಾಗಿ ಬಿಡದೆ ಜೀನಿನ ನಡುವಿನ ಟೊಳ್ಳಿಗೆ ಎತ್ತಿ ಸೇರಿಸಬೇಕು. ಒಂದು ಮುಳ್ಳು, ಒಗೆದಾಗ ಉಳಿದ ಒಂದಿಷ್ಟು ಸಾಬೂನು, ಇಷ್ಟು ಸಾಕು ನೂರು ಮೈಲಿನಲ್ಲಿ ಹುಣ್ಣಾಗಲು.

ಇಷ್ಟೇ ಆಗಿದ್ದರೆ ಇದು ಅಂಗಡಿಯ ವ್ಯವಹಾರ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಒಂದು ಸಂಗತಿ. ಜೀನು ಮೊದಲೇ ಬಿಗಿಯಾಗಿದ್ದರೆ ದಪ್ಪ ಮೆತ್ತೆ ಹಾಕಿದಷ್ಟೂ ನೋವು ಹೆಚ್ಚು. ಕಚ್ಚುವ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿದ ಹಾಗೆ. ಸವಾರನಿಗೆ ಮಾತ್ರ, ತಾನು ಬೆಲೆಬಾಳುವ ಮೃದುವಾದ ವಸ್ತು ಹಾಸಿದ್ದೇನೆ ಎಂಬ ತೃಪ್ತಿ ಇರುತ್ತದೆ. ಆ ತೃಪ್ತಿಯಿಂದಾಗಿಯೇ ಅವನು ಜೀನನ್ನು ಅನುಮಾನಿಸುವುದಿಲ್ಲ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಒಂದು ಶಾಖೆ, ಹೆಸರು ಬೇಡ. ಹಿರಿಯ ನಾಗರಿಕರಿಗೆಂದು ಅಲ್ಲಿ ಮೆತ್ತನೆಯ ಕುರ್ಚಿಗಳನ್ನು ಹಾಕಿಸಿದರು, ಫ್ಯಾನು ಹಾಕಿಸಿದರು. ಒಳ್ಳೆಯ ಕೆಲಸವೇ. ಆದರೆ ಆ ಕುರ್ಚಿಯಲ್ಲಿ ಕುಳಿತ ಅಜ್ಜಿಯ ಕೈಯಲ್ಲಿದ್ದ ಫಾರಂನಲ್ಲಿ ಮಲೆಯಾಳ, ಹಿಂದಿ, ಇಂಗ್ಲಿಷ್ ಮೂರೂ ಇದ್ದವು, ಅವರಿಗೆ ಓದಲು ಬರುವ ಒಂದೇ ಭಾಷೆ ಇರಲಿಲ್ಲ. ಪಕ್ಕದಲ್ಲಿ ಕುಳಿತ ಮಲೆಯಾಳಿ ಹುಡುಗಿಯೊಬ್ಬಳು ಓದಿ ಹೇಳಿದಳು, ಅಜ್ಜಿ ಹೆಬ್ಬೆಟ್ಟು ಒತ್ತಲು ಮುಂದಾದರು. ಕನ್ನಡದಲ್ಲಿ ಚೆನ್ನಾಗಿ ಸಹಿ ಮಾಡಬಲ್ಲ ಅಜ್ಜಿ ಅವರು! ಸಹಿ ಹಾಕಿಸಿಕೊಂಡೆ. ಕುರ್ಚಿ ಚೆನ್ನಾಗಿದೆಯಲ್ಲ ಎಂದು ಮೇಲಿನವರು ಕೇಳಿದರೆ ಅಲ್ಲವೆನ್ನುವುದು ಹೇಗೆ?

ಇನ್ನು ಬೆನ್ನಿನ ಮಾತಿಗೆ ಬರೋಣ. ಸವಾರಿ ಮುಗಿಸಿ ಜೀನು ಇಳಿಸಿದಾಗ ಕುದುರೆಯ ಬೆನ್ನು ಬೆವರಿ ಒಂದೇ ಸಮನೆ ಒದ್ದೆಯಾಗಿರಬೇಕು. ನಡುವೆ ಒಣಗಿದ ತೇಪೆ ಕಂಡರೆ ಎಚ್ಚರ. ಅದಕ್ಕೆ ಎರಡು ಅರ್ಥಗಳಿವೆ, ಒಂದಕ್ಕೊಂದು ತೀರ ವಿರುದ್ಧ. ಅಲ್ಲಿ ಬೆವರಗ್ರಂಥಿಗಳೇ ಅದುಮಿಹೋಗುವಷ್ಟು ಒತ್ತಡ ಬಿದ್ದಿರಬಹುದು. ಇಲ್ಲವೆ ಜೀನು ಅಲ್ಲಿ ಬೆನ್ನನ್ನು ಮುಟ್ಟಿಯೇ ಇಲ್ಲದಿರಬಹುದು. ಅತಿಯಾದ ಭಾರವೂ ಸಂಪರ್ಕವೇ ಇಲ್ಲದಿರುವುದೂ ನೋಡುವ ಕಣ್ಣಿಗೆ ಒಂದೇ. ಯಾವುದೆಂದು ತಿಳಿಯಬೇಕಾದರೆ ಕೈಯಿಟ್ಟು ಒತ್ತಿ ನೋಡಬೇಕು. ನೋಡದೆ ಬಿಟ್ಟರೆ ಮುಂದೆ ಆ ಜಾಗದಲ್ಲಿ ಬಿಳಿಕೂದಲು ಹುಟ್ಟುತ್ತದೆ; ಕೂದಲಿನ ಬುಡದಲ್ಲಿ ಬಣ್ಣ ಕೊಡುವ ಕಣಗಳು ಸತ್ತಿರುತ್ತವೆ. ಹಾಗೆ ಬೆಳ್ಳಗಾದ ಮಚ್ಚೆಗಳು ಮಾರಾಟವಾದ ಎಷ್ಟೋ ಕುದುರೆಗಳ ಮೈಮೇಲಿವೆ. ಹಳೆಯ ಒಡೆಯನ ಸಹಿ ಎನ್ನಬಹುದೇನೋ.

ನಮ್ಮ ಊರಲ್ಲಿ ತಲೆಹೊರೆಯವರು ಬೈರಾಸನ್ನು ಸುತ್ತಿ ಸಿಂಬೆ ಮಾಡುತ್ತಾರೆ, ಮಲೆಯಾಳದಲ್ಲಿ ತೆರಿಕ ಎನ್ನುವುದು ಅದನ್ನೇ. ಅಡಿಕೆ ಮೂಟೆಯ ಭಾರ ನೆತ್ತಿಗೆ ಎಲ್ಲಿ ಕುಳಿತರೆ ಸಹ್ಯ ಎಂಬುದು ಅವರಿಗೆ ಗೊತ್ತು. ನಾಲ್ಕು ಹೆಜ್ಜೆ ನಡೆದು ಸರಿಯಾಗದಿದ್ದರೆ ಮೂಟೆ ಇಳಿಸಿ ಮತ್ತೆ ಸುತ್ತುತ್ತಾರೆ. ಸಿಂಬೆ ಹೊರುವವನ ಕೈಯದೇ. ಕುದುರೆಗೆ ಆ ಭಾಗ್ಯವಿಲ್ಲ. ಮೆತ್ತೆಯನ್ನು ಆರಿಸುವವನು, ಹಣ ಕೊಡುವವನು, ಕಟ್ಟುವವನು ಎಲ್ಲವೂ ಮೇಲೆ ಕೂರುವವನೇ. ಎಲ್ಲ ಒಳ್ಳೆಯತನವೂ ಹೀಗೆ ಒಂದೇ ಕಡೆಯಿಂದ ಬರುವಲ್ಲಿ, ನನ್ನ ಮಟ್ಟಿಗೆ, ಕೊಟ್ಟವನ ಸಾಕ್ಷ್ಯಕ್ಕೆ ಬೆಲೆಯಿಲ್ಲ, ಬೆನ್ನನ್ನೇ ಕೇಳಬೇಕು.

ಸಹೋದ್ಯೋಗಿ ಮಿತ್ರರೊಬ್ಬರು ಚಹಾದ ಹೊತ್ತಿಗೆ ಹೇಳಿದರು: "ಬೆನ್ನನ್ನು ಕೇಳಿದರೆ ಅದು ಇಳಿ ಎನ್ನುತ್ತದೆ. ಅತ್ಯುತ್ತಮ ಮೆತ್ತೆ ಎಂದರೆ ಸವಾರಿ ಮಾಡದಿರುವುದು." ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಕುದುರೆ ಯಾವ ಒಪ್ಪಂದಕ್ಕೂ ಸಹಿ ಹಾಕಿದ್ದಲ್ಲ. ಆದರೂ ನಾನು ಪೂರ್ತಿ ಒಪ್ಪಲಾರೆ. ಅದೇ ಟೆವಿಸ್‌ನಲ್ಲಿ ಹ್ಯಾಗಿನ್ ಕಪ್ ಎಂಬ ಇನ್ನೊಂದು ಪ್ರಶಸ್ತಿ ಇದೆ. ಮೊದಲ ಹತ್ತು ಸ್ಥಾನಗಳಲ್ಲಿ ಬಂದ ಕುದುರೆಗಳನ್ನು ಮರುದಿನ ಬೆಳಿಗ್ಗೆ ಪರೀಕ್ಷಿಸಿ, ಎಲ್ಲಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿರುವುದಕ್ಕೆ ಕೊಡುವುದು. ಅನೇಕ ಸವಾರರಿಗೆ ಮೊದಲ ಸ್ಥಾನಕ್ಕಿಂತ ಇದರ ಮೇಲೆಯೇ ಆಸೆಯಂತೆ. ಮರುದಿನವೂ ಮುಂದೆ ಹೋಗಬಲ್ಲೆ ಎಂಬಂತೆ ನಿಂತ ಪ್ರಾಣಿಯ ಎದುರು, ಇದೆಲ್ಲ ಬರಿಯ ದರ್ಪ ಎನ್ನಲು ನಾಲಗೆ ಏಳುವುದಿಲ್ಲ. ಅದು ಸಂತೋಷದಿಂದ ಓಡಿತು ಎನ್ನಲೂ ನನಗೆ ಧೈರ್ಯವಿಲ್ಲ. ಮಿತ್ರರು ಚಹಾ ಮುಗಿಸಿ ಎದ್ದರು, ವಾದ ಹಾಗೇ ಉಳಿಯಿತು.

ಅಮೆರಿಕದ ಈ ಸವಾರಿಗಳ ದಾಖಲೆಯಲ್ಲಿ ಇನ್ನೊಂದು ನಮೂನೆ ಇದೆ. ವೈದ್ಯರು ತೇರ್ಗಡೆ ಮಾಡಿದರೂ ಸವಾರ ತಾನಾಗಿ ಹಿಂದೆ ಸರಿಯಬಹುದು. ಅದನ್ನು ರೈಡರ್ ಆಪ್ಷನ್ ಎಂದು ಬರೆಯುತ್ತಾರೆ. ಹೋದ ವರ್ಷ ಅಕ್ಕನ ಮಗ ಎಂಬತ್ತು ಕಿಲೋಮೀಟರಿನ ಒಂದು ಸವಾರಿಯಲ್ಲಿ ಐವತ್ತು ದಾಟಿದ್ದ. ಬೆನ್ನಿಗೆ ಬಿ ಬಂದಿತ್ತು; ಬಿ ಎಂದರೆ ಹೋಗಬಹುದು. ಜೀನು ಇಳಿಸಿ ನೋಡಿದಾಗ ಎಡಭಾಗದಲ್ಲಿ ಅಂಗೈಯಗಲ ಒಣಗಿದ ತೇಪೆ. ಅವನು ಒತ್ತಿ ನೋಡಿದ. ಆಮೇಲೆ ಆ ಎರಡು ಪದಗಳನ್ನು ಬರೆಸಿ, ಕುದುರೆಯನ್ನು ಗಾಡಿಗೆ ಹತ್ತಿಸಿ ಮನೆಗೆ ಹೋದ. ಮೆತ್ತೆಗೆಂದು ಕೂಡಿಟ್ಟ ಡಾಲರುಗಳನ್ನು ಈಗ ಜೀನಿನ ಅಳತೆ ನೋಡುವವನಿಗೆ ಕೊಟ್ಟಿದ್ದಾನೆ.