ಪ್ರತಿಫಲವಿಲ್ಲದ ಉಪಕಾರ

ನವರಾತ್ರಿಯಲ್ಲಿ ಆಯುಧಗಳನ್ನು ಪೂಜಿಸುವ ನಾವು, ಆಯುಧ ಹಿಡಿದು ಮಡಿದ ತರುಣರನ್ನು ಗೌರವಿಸುವ ಬಗೆ ಯಾವುದು? ಯಹೂದ್ಯರ ಧರ್ಮಚಿಂತನೆಯಲ್ಲಿ ಮೃತರಿಗೆ ಸಲ್ಲಿಸುವ ಸೇವೆಗೆ ‘ಹೆಸೆದ್ ಶೆಲ್ ಎಮೆತ್’, ಅಂದರೆ ಸತ್ಯವಾದ ಕರುಣೆ, ಎಂಬ ಹೆಸರುಂಟು. ಈಜಿಪ್ಟಿನಲ್ಲಿ ತನ್ನನ್ನು ಹೂಳಬೇಡವೆಂದು ವೃದ್ಧ ಯಾಕೋಬನು ಮಗ ಯೋಸೇಫನನ್ನು ಬೇಡುವ ಪ್ರಸಂಗಕ್ಕೆ ರಾಶಿ ಎಂಬ ಮಧ್ಯಯುಗದ ಭಾಷ್ಯಕಾರನು ಈ ಅರ್ಥವನ್ನು ಹೇಳಿದ್ದಾನೆ. ಬದುಕಿರುವವರಿಗೆ ಮಾಡಿದ ಉಪಕಾರದಲ್ಲಿ ಪ್ರತ್ಯುಪಕಾರದ ಆಸೆ ಅವಿತಿರಬಹುದು. ಸತ್ತವರು ಏನನ್ನೂ ಹಿಂತಿರುಗಿಸಲಾರರು.

ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ನವೆಂಬರ್ 28ರಂದು ನಮ್ಮ ಮುಂಬಯಿಯ ತಾಜ್ ಹೋಟೆಲಿನಲ್ಲಿ, ಗಾಯಗೊಂಡ ಸಹಯೋಧನನ್ನು ಹೊರಗೆ ಕಳುಹಿಸಿ, ತಾವೊಬ್ಬರೇ ಭಯೋತ್ಪಾದಕರನ್ನು ಬೆನ್ನಟ್ಟಿ ಮಡಿದರು. ವಯಸ್ಸು 31. ಅದೇ ದಿನ ಕೊಲಾಬಾದ ಯಹೂದ್ಯ ಕೇಂದ್ರ ನರಿಮನ್ ಹೌಸಿನಲ್ಲಿ ಹವಾಲ್ದಾರ್ ಗಜೇಂದರ್ ಸಿಂಗ್ ಪ್ರಾಣವಿತ್ತರು. 2009ರಲ್ಲಿ ಇಬ್ಬರಿಗೂ ಮರಣೋತ್ತರ ಅಶೋಕ ಚಕ್ರ ಸಂದಿತು. ಅವರು ರಕ್ಷಿಸಹೊರಟವರು ಬಂಧುಗಳಲ್ಲ, ಪರಿಚಿತರೂ ಅಲ್ಲ.

ನಾವಾದರೋ ವೀರರ ಭಾವಚಿತ್ರಕ್ಕೆ ಮಾಲೆ ಹಾಕುವಾಗಲೂ ಛಾಯಾಗ್ರಾಹಕನತ್ತ ಮುಖ ತಿರುಗಿಸುತ್ತೇವೆ. ಮಾತು ಕಟುವಾಯಿತೇನೋ, ಆದರೂ ಸತ್ತವರಿಂದ ಕೂಡ ಪ್ರತಿಫಲ ಪಡೆಯುವ ಬಗೆಯಿದು. ಯಹೂದ್ಯರು ಗೋರಿಯ ಮೇಲೆ ಪುಟ್ಟ ಕಲ್ಲೊಂದನ್ನು ಇರಿಸಿ ಬರುತ್ತಾರೆ. ಅದರ ಮೇಲೆ ಇಟ್ಟವರ ಹೆಸರಿರುವುದಿಲ್ಲ.