ನಕಲು ಬರೆದ ಕೈ

ನಮ್ಮ ಹಜಾರದ ಗೋಡೆಗೆ ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್‌ನ ‘ದಿ ಹೇ ವೇನ್’ ಚಿತ್ರದ ಪ್ರತಿ ತಂದೆ. ಅಕ್ರಿಲಿಕ್‌ನಲ್ಲಿ ಕೈಯಿಂದಲೇ ಬರೆದದ್ದು. ಹೊಳೆಯ ನೀರಿನಲ್ಲಿ ನಿಂತ ಗಾಡಿ, ದಡದ ಮನೆ, ಮೋಡ ತುಂಬಿದ ಆಕಾಶ. 1821ರ ಮೂಲ ತೈಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

“ನಕಲು ತಾನೇ?” ಎನ್ನುತ್ತಾರೆ ಬಂದವರು. ನಕಲೇ. ಅಮ್ಮನ ರಂಗೋಲಿಯನ್ನು ಚುಕ್ಕಿ ಎಣಿಸಿ ನಕಲು ಮಾಡಿಯೇ ಅಲ್ಲವೇ ನಾವೆಲ್ಲ ಕಲಿತದ್ದು? ಮೂಲವೆಂದು ಹೇಳಿ ನಂಬಿಸಿದರೆ ಮಾತ್ರ ಮೋಸ.

ನನ್ನನ್ನು ಕಾಡುವುದು ಬೇರೆ. ಅಕ್ರಿಲಿಕ್ ಬೇಗ ಒಣಗುವ ಬಣ್ಣ. ಅದರಲ್ಲಿ ಆ ಮೋಡಗಳ ಮೆದುವನ್ನು ತರಲು ಒಂದು ಕೈ ಎಷ್ಟು ಹೆಣಗಿರಬೇಕು! ಹೊಗಳಿಕೆಯೆಲ್ಲ ಕಾನ್‌ಸ್ಟೇಬಲ್‌ಗೆ, ಆ ಕೈಗೆ ಹೆಸರೇ ಇಲ್ಲ. ದಿನವೂ ಅಡುಗೆ ಮಾಡಿ ಬಡಿಸುವ ನಮಗೆ ಇದು ಅರ್ಥವಾಗದ ಸಂಗತಿಯೇ? ಕೊಳ್ಳುವಾಗ ಬೆಲೆಯ ಜೊತೆ ಬರೆದವರ ಹೆಸರನ್ನೂ ಕೇಳೋಣ.